ವಿಕಾಸವಾದ: ಸಂತೆಯಲ್ಲಿ, ತೋಟದಲ್ಲಿ, ಮದುವೆ ಮನೆಯಲ್ಲಿ ಪದೇ ಪದೇ ಕೇಳಿದ ಪ್ರಶ್ನೆಗಳು

ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳ್ಕೊಟ್ಟು ರಿಟೈರ್ ಆದ್ಮೇಲೆ ಕೊಡಗಿನ ಅಮ್ಮತ್ತಿ ಕಡೆ ಸಣ್ಣದೊಂದು ಕಾಫಿ ತೋಟ ನೋಡ್ಕೊಂಡಿದ್ದೀನಿ. ಪಾಠ ನಿಂತ್ರೂ ಪ್ರಶ್ನೆ ನಿಂತಿಲ್ಲ. ಗೋಣಿಕೊಪ್ಪ ಸಂತೆಯಲ್ಲಿ ಕೈಚೀಲ ಹಿಡ್ಕೊಂಡು ನಿಲ್ಲಿಸಿ ಕೇಳೋರು, ಮದುವೆ ಊಟಕ್ಕೆ ಪಕ್ಕದಲ್ಲಿ ಕೂತು ಕೇಳೋರು, ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕೋ ಹಳೇ ಸ್ಟೂಡೆಂಟ್ಸು, ಎಲ್ರೂ ಸುತ್ತಿ ಬಳಸಿ ಅದದನ್ನೇ ಕೇಳ್ತಾರೆ. ಅದಕ್ಕೇ ಒಂದ್ಕಡೆ ಬರೆದಿಟ್ಟಿದ್ದೀನಿ. ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ, ಬೈಗುಳ ಮಾತ್ರ ತೆಗೆದಿದ್ದೀನಿ.

## ಶುರುವಿಗೆ

ಸಾರ್, ಮಂಗನಿಂದ ಮಾನವ ಆಗಿದ್ರೆ ನಮ್ಮ ತೋಟಕ್ಕೆ ಬರೋ ಮಂಗಗಳು ಯಾಕಿನ್ನೂ ಮಂಗಗಳಾಗೇ ಉಳಿದಿವೆ?

ನಂಬರ್ ಒನ್ ಪ್ರಶ್ನೆ ಇದೇ. ನಮ್ಮೂರಿನವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ ಯಾಕಂದ್ರೆ ಒಕ್ಕ (ಒಂದೇ ಮೂಲದ ಮನೆತನ) ಅಂದ್ರೇನು ಐನ್‌ಮನೆ (ಆ ಮನೆತನದ ಮೂಲ ಮನೆ) ಅಂದ್ರೇನು ಅಂತ ಗೊತ್ತು. ಒಬ್ಬ ಕಾರಣವರಿಂದ, ಅಂದ್ರೆ ಮೂಲಪುರುಷರಿಂದ, ಶುರುವಾದ ಒಕ್ಕದಲ್ಲಿ ಒಂದು ಕವಲು ಇಲ್ಲೇ ಗದ್ದೆ ಮಾಡ್ಕೊಂಡು ಉಳಿದಿರುತ್ತೆ, ಇನ್ನೊಂದು ಕವಲು ಬೆಂಗಳೂರಿಗೋ ಕೆನಡಾಗೋ ಹೋಗಿರುತ್ತೆ. ಹಂಗಂತ 'ಕೆನಡಾದವನು ಹುಟ್ಟಿದ್ಮೇಲೆ ಊರಲ್ಲಿರೋ ದೊಡ್ಡಪ್ಪನ ಮಕ್ಕಳು ಯಾಕಿನ್ನೂ ಇದ್ದಾರೆ' ಅಂತ ಯಾರಾದ್ರೂ ಕೇಳ್ತಾರಾ? ಮಂಗ ನಮ್ಮ ಅಜ್ಜ ಅಲ್ಲ, ದಾಯಾದಿ. ಚಿಂಪಾಂಜಿಗೂ ನಮಗೂ ಇದ್ದ ಕಾರಣವರು ಸುಮಾರು 60-70 ಲಕ್ಷ ವರ್ಷದ ಹಿಂದಿನವರು, ತೋಟದ ಮಂಗಕ್ಕೂ ನಮಗೂ ಇದ್ದವರು ಸುಮಾರು ಎರಡೂವರೆ ಕೋಟಿ ವರ್ಷದ ಹಿಂದಿನವರು. ಅವರು ಇವತ್ತಿನ ಮಂಗದ ಥರಾನೂ ಇರ್ಲಿಲ್ಲ ನಮ್ಮ ಥರಾನೂ ಇರ್ಲಿಲ್ಲ.

ಇನ್ನೊಂದು ಮಜಾ ಹೇಳ್ತೀನಿ. ತೋಟಕ್ಕೆ ಬಂದು ಬಾಳೆಗೊನೆ ಹಾಳು ಮಾಡೋ ಮಂಗಕ್ಕೆ ಹತ್ತಿರದ ನೆಂಟ ಶ್ರೀಲಂಕಾದಲ್ಲಿದೆ. ಅದೇ ಘಟ್ಟದ ದಟ್ಟ ಕಾಡಲ್ಲಿರೋ ಸಿಂಗಳೀಕದ ನೆಂಟರು ಇರೋದು ಮಲೇಷ್ಯಾ, ಇಂಡೋನೇಷ್ಯಾ ಕಡೆ! ಒಂದೇ ಬೆಟ್ಟದಲ್ಲಿದ್ರೂ ಬೇರೆ ಬೇರೆ ಕವಲು.

ಉದ್ದ ಎಳೀಬೇಡಿ ಮೇಷ್ಟ್ರೆ, ಡಾರ್ವಿನ್ ಹೇಳಿದ್ದು ಏನು?

ಮೂರು ಮಾತು. ಒಂದೇ ಗಿಡದ ಬೀಜ ಹಾಕಿದ್ರೂ ನರ್ಸರಿಯಲ್ಲಿ ಎಲ್ಲಾ ಸಸಿ ಒಂದೇ ಥರ ಬರಲ್ಲ. ಆ ವ್ಯತ್ಯಾಸದಲ್ಲಿ ಕೆಲವು ಮುಂದಿನ ಪೀಳಿಗೆಗೆ ದಾಟುತ್ತೆ. ಹುಟ್ಟಿದ್ದೆಲ್ಲಾ ಬದುಕಿ ಮರಿ ಹಾಕಲ್ಲ, ಆ ಜಾಗಕ್ಕೆ ಆ ಕಾಲಕ್ಕೆ ಹೊಂದಿದ್ದರದ್ದು ಸಂತತಿ ಜಾಸ್ತಿ ಉಳಿಯುತ್ತೆ. ಇದು ಪೀಳಿಗೆ ಪೀಳಿಗೆ ನಡೀತಾ ಹೋದ್ರೆ ಜೀವಿಗಳ ರೂಪವೇ ಬದಲಾಗುತ್ತೆ. ನರ್ಸರಿಯಲ್ಲಿ ಒಳ್ಳೇ ಸಸಿ ಆರಿಸೋನು ನೀವು, ಕಾಡಲ್ಲಿ ಆರಿಸೋನು ಯಾರೂ ಇಲ್ಲ, ಮಳೆ ಬಿಸಿಲು ರೋಗ ಹಸಿವು ಅಷ್ಟೇ. ಇದಕ್ಕೇ ನಿಸರ್ಗದ ಆಯ್ಕೆ ಅನ್ನೋದು.

ಥಿಯರಿ ಅಂದ್ರೆ ಊಹೆ ತಾನೆ? ಪ್ರೂವ್ ಆಗಿದ್ರೆ ಥಿಯರಿ ಅಂತ ಯಾಕೆ ಕರೀತಾರೆ?

ರೋಗಾಣುಗಳಿಂದ ರೋಗ ಬರುತ್ತೆ ಅನ್ನೋದೂ ಥಿಯರಿನೇ, ಹಂಗಂತ ಯಾರೂ ಡಾಕ್ಟ್ರಿಗೆ ಕೈ ತೊಳೀಬೇಡಿ ಅನ್ನಲ್ಲ. ವಿಜ್ಞಾನದಲ್ಲಿ ಥಿಯರಿ ಅಂದ್ರೆ ಬೇಕಾದಷ್ಟು ಪರೀಕ್ಷೆ ದಾಟಿ ಬಂದ ವಿವರಣೆ, ಮುಂದೆ ಏನು ಸಿಗ್ಬೇಕು ಅಂತ ಮೊದಲೇ ಹೇಳುವಂಥದ್ದು. ತಿಮಿಂಗಿಲದ ಪೂರ್ವಜರು ಗೊರಸು ಇದ್ದ ನೆಲದ ಪ್ರಾಣಿಗಳ ನೆಂಟರಾಗಿರ್ಬೇಕು ಅನ್ನೋ ಲೆಕ್ಕ ಇತ್ತು. ನಮ್ಮದೇ ಭೂವಿಜ್ಞಾನಿ ರಂಗರಾವ್ ಕಾಶ್ಮೀರದ ಕಾಲಾಕೋಟ್‌ನಿಂದ ರಾಶಿ ಕಲ್ಲು ತಂದಿಟ್ಟಿದ್ರು. ಅವರು ತೀರಿಕೊಂಡ್ಮೇಲೆ ಅವರ ಹೆಂಡತಿ ಆ ಕಲ್ಲುಗಳನ್ನ ಥೆವಿಸೆನ್ ಅನ್ನೋ ವಿಜ್ಞಾನಿಗೆ ಕೊಟ್ರು, ಲ್ಯಾಬಲ್ಲಿ ಒಂದು ಬುರುಡೆ ಅಕಸ್ಮಾತ್ ಒಡೆದಾಗ ಒಳಗೆ ಕಿವಿ ಮೂಳೆ ತಿಮಿಂಗಿಲಗಳಿಗೆ ಮಾತ್ರ ಇರೋ ಥರದ್ದು! ಗೊರಸಿದ್ದ ಆ ಪುಟ್ಟ ಪ್ರಾಣಿ 2007ರಲ್ಲಿ ಇಂಡೋಹಯಸ್ ಅನ್ನೋ ಹೆಸರಲ್ಲಿ ಪ್ರಪಂಚಕ್ಕೆಲ್ಲಾ ಗೊತ್ತಾಯ್ತು.

ವಿಕಾಸ ಆಗೋದನ್ನ ಕಣ್ಣಾರೆ ಕಂಡವರು ಯಾರಿದ್ದಾರೆ? ಹೆಸರು ಹೇಳಿ

ನೀವೇ. ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಸೋ ಪ್ರತಿಯೊಬ್ಬ ಬೆಳೆಗಾರನೂ ನೋಡಿದ್ದಾನೆ, ಆ ಹೆಸರಲ್ಲಿ ಕರೆದಿಲ್ಲ ಅಷ್ಟೇ.

ಕಾಫಿ ಎಲೆಗೆ ಬರೋ ತುಕ್ಕು ರೋಗದ ಕಥೆ ಕೇಳಿ. 1869ರಲ್ಲಿ ಆ ಶಿಲೀಂಧ್ರಕ್ಕೆ ಹೆಸರಿಟ್ಟಿದ್ದು ಸಿಲೋನ್‌ನಿಂದ ಬಂದ ಎಲೆ ನೋಡಿ. ಮುಂದಿನ ಇಪ್ಪತ್ತು ವರ್ಷದಲ್ಲಿ ಅಲ್ಲಿನ ಕಾಫಿ ಹೆಚ್ಚುಕಮ್ಮಿ ನೆಲಕಚ್ಚಿ ಪ್ಲಾಂಟರ್‌ಗಳು ಟೀ ಹಾಕಿದ್ರು. ನಮ್ಮಲ್ಲೂ ಹಳೇ ಕೂರ್ಗ್ ತಳಿ ಹಾಳಾಯ್ತು. ಆಮೇಲೆ ಕಳೆದ ಶತಮಾನದ ಶುರುವಿನಲ್ಲಿ ಚಿಕ್ಕಮಗಳೂರು ಕಡೆ ಕೆಂಟ್ ಅನ್ನೋ ಪ್ಲಾಂಟರ್ ತೋಟದಲ್ಲಿ ತುಕ್ಕು ಹತ್ತದ ಗಿಡ ಸಿಕ್ತು, ಎಲ್ರೂ ಕೆಂಟ್ಸ್ ಹಾಕಿದ್ರು, ಬಚಾವಾದ್ವಿ ಅಂದ್ಕೊಂಡ್ರು. ಆದ್ರೆ ಲಕ್ಷಾಂತರ ಕೆಂಟ್ಸ್ ಗಿಡ ಇದ್ದ ಕಡೆ ಕೆಂಟ್ಸನ್ನ ತಿನ್ನಬಲ್ಲ ತುಕ್ಕಿಗೆ ಎಷ್ಟು ಲಾಭ ಯೋಚ್ನೆ ಮಾಡಿ! ಬಂತು, ಹರಡಿತು. 1930ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಮೇಯ್ನ್ ಅನ್ನೋ ವಿಜ್ಞಾನಿ ತುಕ್ಕಿನಲ್ಲೇ ಬೇರೆ ಬೇರೆ ರೇಸ್, ಅಂದ್ರೆ ಒಳತಳಿಗಳು, ಇವೆ ಅಂತ ತೋರಿಸಿಕೊಟ್ರು. ಮುಂದೆ ಕೆಂಟ್ಸ್ ಸೇರಿಸಿ ಮಾಡಿದ ಎಸ್.795 ತಳಿ ಬಂತು, 1980ರ ದಶಕದಲ್ಲಿ ಕಾವೇರಿ ಅನ್ನೋ ತಳಿ ಬಂತು, ಪ್ರತಿ ಸಲಾನೂ ಮೊದಮೊದಲು ಎಲೆ ಕ್ಲೀನ್, ಆಮೇಲೆ ಅಡಿಯಲ್ಲಿ ಅದೇ ಕಿತ್ತಳೆ ಪುಡಿ. ಈಗ ಗೊತ್ತಿರೋ ರೇಸ್‌ಗಳೇ 50ಕ್ಕೂ ಹೆಚ್ಚು. ತುಕ್ಕು ಬುದ್ಧಿ ಉಪಯೋಗಿಸಿ ಬದಲಾಗಿದ್ದಲ್ಲ. ಕೋಟಿಗಟ್ಲೆ ಬೀಜಕಣದಲ್ಲಿ ಎಲ್ಲೋ ಒಂದಕ್ಕೆ ಬೀಗ ತೆಗೆಯೋ ಕೀ ಅಕಸ್ಮಾತ್ ಸಿಕ್ಕಿತ್ತು, ಬೀಗ ಹಾಕಿದ ಮನೆಯೇ ಎಲ್ಲಾ ಕಡೆ ಇದ್ದಿದ್ರಿಂದ ಅದರ ಸಂತತಿನೇ ಎಲ್ಲಾ ಕಡೆ ಆಯ್ತು.

## ಚರಿತ್ರೆ

ಡಾರ್ವಿನ್‌ಗಿಂತ ಮುಂಚೆ ಇದು ಯಾರಿಗೂ ಹೊಳೆದಿರ್ಲಿಲ್ವಾ?

ಹೊಳೆದಿತ್ತು, ಅವನ ಸ್ವಂತ ಅಜ್ಜ ಇರಾಸ್ಮಸ್ ಡಾರ್ವಿನ್ನೇ ಪದ್ಯ ಗಿದ್ಯ ಎಲ್ಲಾ ಬರೆದಿದ್ದ. ಫ್ರಾನ್ಸಿನ ಲಾಮಾರ್ಕ್ 1809ರಲ್ಲೇ, ಅಂದ್ರೆ ಡಾರ್ವಿನ್ ಹುಟ್ಟಿದ ವರ್ಷವೇ, ಜೀವಿಗಳು ಬದಲಾಗ್ತವೆ ಅಂತ ದೊಡ್ಡ ಪುಸ್ತಕ ತಂದಿದ್ದ. ಬದಲಾಗ್ತವೆ ಅನ್ನೋದು ಹೊಸದಲ್ಲ, ಹೇಗೆ ಅನ್ನೋದಕ್ಕೆ ಗಟ್ಟಿ ಉತ್ತರ ಇರ್ಲಿಲ್ಲ. ಡಾರ್ವಿನ್ ಲಯಲ್‌ನ ಭೂವಿಜ್ಞಾನದಿಂದ 'ಬೇಕಾದಷ್ಟು ಟೈಮ್ ಇದೆ' ಅನ್ನೋದನ್ನ ತಗೊಂಡ, ಅರ್ಥಶಾಸ್ತ್ರಜ್ಞ ಮಾಲ್ಥಸ್‌ನಿಂದ 'ಹುಟ್ಟೋದು ಜಾಸ್ತಿ ಊಟ ಕಮ್ಮಿ' ಅನ್ನೋದನ್ನ ತಗೊಂಡ, ಪಾರಿವಾಳ ಸಾಕೋರ ಹತ್ರ ಹೋಗಿ ತಳಿ ಹೇಗೆ ಮಾಡ್ತೀರಿ ಅಂತ ಕೇಳಿ ಕಲಿತ.

ಗೆಲಪಗಸ್ ದ್ವೀಪದಲ್ಲಿ ಹಕ್ಕಿ ಕೊಕ್ಕು ನೋಡಿದ ತಕ್ಷಣ ಎಲ್ಲಾ ಅರ್ಥ ಆಯ್ತಂತೆ?

ಇದು ಸಿನಿಮಾ ಸೀನು. 1835ರಲ್ಲಿ ಐದು ವಾರ ಅಲ್ಲಿದ್ದ ನಿಜ, ಆದ್ರೆ ಆ ಹಕ್ಕಿಗಳಲ್ಲಿ ಯಾವುದು ಯಾವ ದ್ವೀಪದ್ದು ಅಂತ ಸರಿಯಾಗಿ ಚೀಟಿ ಕೂಡ ಅಂಟಿಸಿರ್ಲಿಲ್ಲ ಪುಣ್ಯಾತ್ಮ. ಲಂಡನ್‌ಗೆ ಬಂದ್ಮೇಲೆ 1837ರಲ್ಲಿ ಜಾನ್ ಗೌಲ್ಡ್ ಅನ್ನೋ ಪಕ್ಷಿತಜ್ಞ 'ಇವೆಲ್ಲಾ ಒಂದೇ ಗುಂಪಿನ ಬೇರೆ ಬೇರೆ ಪ್ರಭೇದಗಳು ಕಣಪ್ಪ' ಅಂದಾಗ ತಲೆಕೆಡಿಸಿಕೊಂಡಿದ್ದು. ಪ್ರಾಕ್ಟಿಕಲ್ ರೆಕಾರ್ಡ್ ಸರಿಯಾಗಿ ಬರೀರಿ ಅಂತ ಮಕ್ಕಳಿಗೆ ಹೇಳೋಕೆ ನಾನು ಇದೇ ಕಥೆ ಉಪಯೋಗಿಸ್ತಿದ್ದೆ.

ಇಪ್ಪತ್ತು ವರ್ಷ ಬಾಯಿ ಮುಚ್ಕೊಂಡಿದ್ದು ಯಾಕೆ? ವಾಲೇಸ್‌ಗೆ ಮೋಸ ಆಯ್ತು ಅಂತಾರಲ್ಲ

1838ರಲ್ಲಿ ವಿಚಾರ ಹೊಳೀತು, 1844ಕ್ಕೆ ದೊಡ್ಡ ಕರಡು ಬರೆದು ನಾನು ಸತ್ರೆ ಅಚ್ಚು ಹಾಕಿಸು ಅಂತ ಹೆಂಡತಿಗೆ ಚೀಟಿ ಬರೆದಿಟ್ಟ, ಆಮೇಲೆ ಎಂಟು ವರ್ಷ ಕಡಲಿನ ಬಾರ್ನಕಲ್ ಅನ್ನೋ ಚಿಪ್ಪುಜೀವಿ ಕೊಯ್ದು ನೋಡ್ತಾ ಕೂತ. ಭಯವೂ ಇತ್ತು, ಪುರಾವೆ ಸಾಲದು ಅನ್ನೋ ಅನುಮಾನವೂ ಇತ್ತು, ಆರೋಗ್ಯವೂ ಸರಿಯಿರ್ಲಿಲ್ಲ. 1858ರಲ್ಲಿ ಇಂಡೋನೇಷ್ಯಾದ ತೆರ್ನಾಟೆ ದ್ವೀಪದಿಂದ ವಾಲೇಸ್ ಅನ್ನೋ ಇನ್ನೊಬ್ಬ ಪ್ರಕೃತಿ ವಿಜ್ಞಾನಿ ಕಳಿಸಿದ ಲೇಖನ ನೋಡಿದ್ರೆ ಅದರಲ್ಲಿ ತನ್ನ ಥಿಯರಿನೇ ಇದೆ! ಸ್ನೇಹಿತರು ಸೇರಿ ಜುಲೈ 1ಕ್ಕೆ ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹವನ್ನೂ ಒಟ್ಟಿಗೆ ಓದಿಸಿದ್ರು. ವಾಲೇಸ್‌ನ ಒಪ್ಪಿಗೆ ಮೊದಲೇ ಕೇಳಲಿಲ್ಲ ಅನ್ನೋದು ನಿಜ, ಅದು ನನಗೂ ಸರಿ ಕಾಣಲ್ಲ. ಆದ್ರೆ ವಾಲೇಸ್ ಕೊನೇತನಕ ದೂರಲಿಲ್ಲ. ಮುಂದಿನ ವರ್ಷ ನವೆಂಬರ್ 24ಕ್ಕೆ ಡಾರ್ವಿನ್ ಪುಸ್ತಕ ಬಂತು, ಮೊದಲ ಮುದ್ರಣ 1250 ಪ್ರತಿ.

ಡಾರ್ವಿನ್‌ಗೆ ಜೀನ್ ಅಂದ್ರೇನೇ ಗೊತ್ತಿರ್ಲಿಲ್ಲ ಅಂತಾರೆ?

ಗೊತ್ತಿರ್ಲಿಲ್ಲ. ಗುಣ ಹೇಗೆ ದಾಟುತ್ತೆ ಅನ್ನೋದರಲ್ಲಿ ಅವನ ವಿವರಣೆ ತಪ್ಪಾಗಿತ್ತು. ಮೆಂಡೆಲ್ ಬಟಾಣಿ ಲೆಕ್ಕ 1866ರಲ್ಲೇ ಅಚ್ಚಾಗಿದ್ರೂ ಜಗತ್ತು ಕಣ್ಣು ಬಿಟ್ಟಿದ್ದು 1900ಕ್ಕೆ. ಅದನ್ನೂ ಡಾರ್ವಿನ್ನನ್ನೂ ಗಣಿತದಲ್ಲಿ ಹೊಲಿದವರು ಫಿಶರ್, ರೈಟ್, ಹಾಲ್ಡೇನ್. ಈ ಹಾಲ್ಡೇನ್ ಹೆಸರು ನೆನಪಿಟ್ಕೊಳಿ, ಕೊನೇ ಪ್ರಶ್ನೆಗೆ ಬೇಕು. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು ಇಲ್ಲಿನ ಪೌರತ್ವ ತಗೊಂಡು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ್ರು.

## ಸಮಾಜದ ಮೇಲೆ

ಬಲ ಇದ್ದವನು ಬಾಳ್ತಾನೆ, ಇಲ್ಲದವನು ಸಾಯ್ತಾನೆ. ಇದೇ ತಾನೆ ಡಾರ್ವಿನ್ ಹೇಳಿದ್ದು? ಬಿಸಿನೆಸ್‌ನಲ್ಲೂ ಅದೇ

'ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್' ಅನ್ನೋ ಮಾತು ಡಾರ್ವಿನ್ನದಲ್ಲ, 1864ರಲ್ಲಿ ಹರ್ಬರ್ಟ್ ಸ್ಪೆನ್ಸರ್ ಬರೆದಿದ್ದು, ಡಾರ್ವಿನ್ ಅದನ್ನ 1869ರ ಐದನೇ ಆವೃತ್ತಿಗೆ ಸೇರಿಸ್ಕೊಂಡ. ಸೇರಿಸದೇ ಇದ್ದಿದ್ರೆ ನನ್ನ ಅರ್ಧ ತಲೆನೋವು ಕಮ್ಮಿ ಆಗ್ತಿತ್ತು. ಫಿಟ್ ಅಂದ್ರೆ ಜಿಮ್ ಬಾಡಿ ಅಲ್ಲ, ಆ ಜಾಗಕ್ಕೆ ಹೊಂದೋದು. ಮಳೆಗಾಲದಲ್ಲಿ ಕೊಡಗಿನಲ್ಲಿ ಅತ್ಯಂತ ಫಿಟ್ ಪ್ರಾಣಿ ಯಾವುದು ಅಂದ್ರೆ ಜಿಗಣೆ, ಹುಲಿ ಅಲ್ಲ. ಆದ್ರೂ ಅಮೆರಿಕದ ದೊಡ್ಡ ಸಾಹುಕಾರರಿಗೆ, ಸಾಮ್ರಾಜ್ಯ ಕಟ್ಟೋರಿಗೆ ಈ ಮಾತು ಬಹಳ ಹಿಡಿಸ್ತು, ಬಡವ ಬಡವನಾಗಿರೋದು ಪ್ರಕೃತಿ ನಿಯಮ ಅಂದ್ಬಿಟ್ರೆ ಕೂಲಿ ಜಾಸ್ತಿ ಕೊಡೋದು ತಪ್ಪುತ್ತಲ್ಲ! ಅದೇ ಕಾಲದಲ್ಲಿ ರಷ್ಯಾದ ಕ್ರೊಪೊಟ್ಕಿನ್ ಸೈಬೀರಿಯಾದಲ್ಲಿ ಪ್ರಾಣಿಗಳನ್ನ ನೋಡಿ ಒಬ್ಬರಿಗೊಬ್ಬರು ಆಸರೆ ಆಗೋದೂ ವಿಕಾಸದ ದಾರಿನೇ ಅಂತ 1902ರಲ್ಲಿ ಪುಸ್ತಕ ತಂದ. ಅದನ್ನ ಯಾರೂ ಬಿಸಿನೆಸ್ ಕ್ಲಾಸಲ್ಲಿ ಹೇಳಲ್ಲ.

ಬ್ರಿಟಿಷರು ಕೊಡಗಿಗೆ ಬಂದು ಜನರ ಮೂಗು ಅಳೆದಿದ್ರು ಅಂತ ನಮ್ಮ ತಾತ ಹೇಳ್ತಿದ್ರು, ಸುಳ್ಳು ತಾನೆ?

ತಾತ ಹೇಳಿದ್ದು ನಿಜ. ವಿಕಾಸವಾದ ಬಂದ್ಮೇಲೆ ಯುರೋಪಿನ ವಿದ್ವಾಂಸರಿಗೆ ಮನುಷ್ಯರನ್ನ ಏಣಿ ಮೇಲೆ ನಿಲ್ಲಿಸೋ ಹುಚ್ಚು ಹತ್ತಿತು, ಮೇಲಿನ ಮೆಟ್ಟಿಲಲ್ಲಿ ಯಾರು ಅಂತ ಹೇಳ್ಬೇಕಾಗಿಲ್ಲ. ಡಾರ್ವಿನ್ ಬರೆದಿದ್ದು ಮರ, ಇವರು ಮಾಡ್ಕೊಂಡಿದ್ದು ಏಣಿ. 1901ರ ಸೆನ್ಸಸ್ ಕಮಿಷನರ್ ರಿಸ್ಲಿ ಮೂಗಿನ ಅಗಲವನ್ನ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ ಒಂದು ನಂಬರ್ ತೆಗೆದು, ಮೂಗು ಅಗಲ ಆದಷ್ಟೂ ಸಮಾಜದಲ್ಲಿ ಸ್ಥಾನ ಕೆಳಗೆ ಅಂತ ಹೊರಟ. ಅದೇ 1901ರಲ್ಲಿ ಹಾಲೆಂಡ್ ಅನ್ನೋ ಭೂವಿಜ್ಞಾನಿ, ನಮ್ಮ ಬೆಟ್ಟದ ಚಾರ್ನೊಕೈಟ್ ಕಲ್ಲಿಗೆ ಆ ಹೆಸರಿಟ್ಟವನೇ, ಕೊಡವರನ್ನೂ ಯರವ ಆದಿವಾಸಿಗಳನ್ನೂ ಎದುರುಬದುರು ಇಟ್ಟು ಹೋಲಿಸಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದ. ಮದ್ರಾಸ್ ಮ್ಯೂಸಿಯಂನ ಥರ್ಸ್ಟನ್ ಅಂತೂ ದಕ್ಷಿಣ ಭಾರತದ ತುಂಬಾ ಅಳತೆ ಸಾಮಾನು ಹೊತ್ಕೊಂಡು ತಿರುಗಿ 1909ರಲ್ಲಿ ಏಳು ಸಂಪುಟ ತಂದ.

ನನಗೆ ಇದರಲ್ಲಿ ಕಾಡೋದು ಏನಂದ್ರೆ ಆ ಅಳತೆ ಬಗ್ಗೆ ನಮ್ಮಲ್ಲೇ ಕೆಲವರು ಇವತ್ತಿಗೂ ಹೆಮ್ಮೆಯಿಂದ ಮಾತಾಡ್ತಾರೆ, ಅದೇ ಲೇಖನದ ಇನ್ನೊಂದು ಕಾಲಂನಲ್ಲಿದ್ದವರ ಮೊಮ್ಮಕ್ಕಳು ನಮ್ಮ ತೋಟದ ಕೂಲಿ ಲೈನ್ ಮನೆಗಳಲ್ಲೇ ಇದ್ದಾರೆ.

ಕೊಡವರು ಅಲೆಕ್ಸಾಂಡರ್ ಸೈನಿಕರ ವಂಶ, ಅದಕ್ಕೇ ಬೇರೆ ಥರ ಕಾಣ್ತಾರೆ ಅಂತಾರಲ್ಲ?

ಅಲೆಕ್ಸಾಂಡರ್ ಕ್ರಿ.ಪೂ. 326ರಲ್ಲಿ ಪಂಜಾಬಿನ ಬಿಯಾಸ್ ನದಿಯಿಂದ ವಾಪಸ್ ಹೋದ. ಅವನ ಸೈನ್ಯ ಇಲ್ಲಿಗೆ ಬಂದ ದಾಖಲೆ ಇಲ್ಲ. ಕುಪ್ಯ ಚೇಲೆ (ಕೊಡವ ಗಂಡಸರ ಉಡುಪು), ಮೂಗು ನೋಡಿ ವಂಶ ಹೇಳೋ ಕಾಲದ ಮಾತು ಇದು.

ಬೇಜಾರ್ ಮಾಡ್ಕೋಬೇಡಿ, ಜಾತಿ ಪದ್ಧತಿ ಕೂಡ ಒಂಥರಾ ನ್ಯಾಚುರಲ್ ಸೆಲೆಕ್ಷನ್ ಅಲ್ವಾ? ತಳಿ ಕಾಪಾಡೋದು

ಬೇಜಾರೇ ಆಗುತ್ತೆ, ಆದ್ರೂ ಉತ್ತರ ಕೊಡ್ತೀನಿ. ಮೊದಲನೇ ಗೊಂದಲ ಕನ್ನಡದ್ದೇ, ಹಕ್ಕಿಗೂ ಜಾತಿ ಅಂತೀವಿ ಮನುಷ್ಯರಿಗೂ ಜಾತಿ ಅಂತೀವಿ, ಅದಕ್ಕೇ ಕ್ಲಾಸಲ್ಲಿ ನಾನು ಹಟ ಮಾಡಿ ಪ್ರಭೇದ ಅಂತ ಬಳಸ್ತಿದ್ದೆ. ಮನುಷ್ಯರೆಲ್ಲಾ ಒಂದೇ ಪ್ರಭೇದ.

ಎರಡನೇದು, ಈ ವಾದ ಹಳೇದು, ಇದಕ್ಕೆ ಉತ್ತರವೂ ಹಳೇದು. 1936ರಲ್ಲಿ ಅಂಬೇಡ್ಕರ್ ಲಾಹೋರ್‌ನ ಸಭೆಗೆ ಬರೆದ ಭಾಷಣದಲ್ಲೇ ಜಾತಿ ತಳಿ ಸುಧಾರಣೆಗೆ ಹುಟ್ಟಿದ್ದು ಅನ್ನೋದನ್ನ ಬಿಡಿಸಿ ಇಟ್ಟಿದ್ದಾರೆ (ಸಭೆಯವರು ಹೆದರಿ ಕಾರ್ಯಕ್ರಮವನ್ನೇ ರದ್ದು ಮಾಡಿದ್ರು, ಅವರೇ ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದ್ರು). 1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆದ ಪುಸ್ತಕದಲ್ಲಿ ಇನ್ನೂ ಚೆನ್ನಾಗಿದೆ, ಆ ಮೂಗಿನ ಅಳತೆ ಅಂಕಿಗಳನ್ನೇ ತಗೊಂಡು ಅದರ ಪ್ರಕಾರ ನೋಡಿದ್ರೂ ಒಂದು ಪ್ರಾಂತ್ಯದ ಬ್ರಾಹ್ಮಣರು ಮತ್ತು ಅಸ್ಪೃಶ್ಯರು ಒಂದೇ ಜನಾಂಗ ಆಗ್ತಾರೆ ಅಂತ ತೋರಿಸಿದ್ರು. ಅವರದೇ ಸ್ಕೇಲ್ ಹಿಡಿದು ಅವರ ಕೈಗೇ ಹೊಡೆದ ಹಂಗೆ.

ಮೂರನೇದು ಡಿಎನ್‌ಎ. 2013ರ ಒಂದು ಅಧ್ಯಯನದ ಪ್ರಕಾರ ಸುಮಾರು 4200ರಿಂದ 1900 ವರ್ಷದ ಹಿಂದಿನ ತನಕ ಇಲ್ಲಿನ ಗುಂಪುಗಳೆಲ್ಲಾ ಧಾರಾಳವಾಗಿ ಬೆರೆತಿವೆ, ಒಳಗೊಳಗೇ ಮದುವೆ ಬಿಗಿಯಾಗಿದ್ದು ಆಮೇಲೆ. ಸಣ್ಣ ಗುಂಪಲ್ಲಿ ಒಳಗೇ ಮದುವೆ ಮಾಡ್ಕೊಂಡ್ರೆ ತಳಿ ಕಾಪಾಡಿದ ಹಂಗಾಗಲ್ಲ, ಅಡಗಿರೋ ವಂಶವಾಹಿ ಕಾಯಿಲೆಗಳು ಹೊರಗೆ ಬರೋ ಚಾನ್ಸ್ ಜಾಸ್ತಿ ಆಗುತ್ತೆ.

ಹಿಟ್ಲರ್ ಮಾಡಿದ್ದಕ್ಕೆಲ್ಲಾ ಡಾರ್ವಿನ್ನೇ ಮೂಲ ಅಲ್ವಾ?

ನೇರ ಗೆರೆ ಇಲ್ಲ, ಸಂಬಂಧವೇ ಇಲ್ಲ ಅನ್ನೋದೂ ಸುಳ್ಳು. ಯುಜೆನಿಕ್ಸ್ ಅನ್ನೋ ಪದವನ್ನ 1883ರಲ್ಲಿ ಹುಟ್ಟುಹಾಕಿದ ಗಾಲ್ಟನ್ ಡಾರ್ವಿನ್ನನ ಸಂಬಂಧಿ. 'ಒಳ್ಳೆಯವರು' ಜಾಸ್ತಿ ಹೆರಲಿ 'ಕೆಟ್ಟವರು' ಹೆರದೇ ಇರಲಿ ಅನ್ನೋ ಸಿದ್ಧಾಂತ. ಇದನ್ನ ಕಾನೂನು ಮಾಡಿದ್ದು ಮೊದಲು ಜರ್ಮನಿ ಅಲ್ಲ, ಅಮೆರಿಕದ ಇಂಡಿಯಾನಾ ರಾಜ್ಯ, 1907ರಲ್ಲಿ. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಬಲವಂತದ ಸಂತಾನಹರಣ ಸರಿ ಅಂತು, ಒಟ್ಟು 60,000ಕ್ಕೂ ಹೆಚ್ಚು ಜನಕ್ಕೆ ಮಾಡಿದ್ರು. ನಾಜಿಗಳು 1933ರಲ್ಲಿ ಕಾನೂನು ತಂದು ಸುಮಾರು 4 ಲಕ್ಷ ಜನಕ್ಕೆ ಮಾಡಿದ್ರು, ಅದರ ಮುಂದಿನದ್ದು ಗೊತ್ತೇ ಇದೆ.

ಡಾರ್ವಿನ್ ಮನೆತನ ಗುಲಾಮಗಿರಿಗೆ ವಿರೋಧಿ, ಅವನಿಗೆ ಹಕ್ಕಿ ಚರ್ಮ ತುಂಬೋದು ಕಲಿಸಿದ್ದು ಎಡ್ಮನ್‌ಸ್ಟನ್ ಅನ್ನೋ ಬಿಡುಗಡೆ ಆದ ಕಪ್ಪು ಗುಲಾಮ. ಆದ್ರೆ 1871ರ ಪುಸ್ತಕದಲ್ಲಿ ಕಾಡುಜನ, ನಾಗರಿಕ ಜನ ಅಂತ ಮೇಲು ಕೀಳು ಮಾಡಿರೋ ಸಾಲುಗಳೂ ಇವೆ, ಅದನ್ನ ಮುಚ್ಚಿಡೋಕೆ ನಾನು ತಯಾರಿಲ್ಲ.

ಹಾಗಾದ್ರೆ ಕಮ್ಯುನಿಸ್ಟರಿಗೆ ಡಾರ್ವಿನ್ ಇಷ್ಟ ಇದ್ದನಾ? ಮಾರ್ಕ್ಸ್ ಪುಸ್ತಕ ಅರ್ಪಿಸೋಕೆ ಹೋಗಿದ್ದನಂತೆ

ಅರ್ಪಿಸೋ ಕಥೆ ತಪ್ಪು, ಅರ್ಪಿಸ್ಲಾ ಅಂತ ಕೇಳಿ ಡಾರ್ವಿನ್‌ಗೆ ಕಾಗದ ಬರೆದಿದ್ದು ಬೇರೆಯವರು. ಮಾರ್ಕ್ಸ್ ತನ್ನ ಪುಸ್ತಕದ ಒಂದು ಪ್ರತಿ ಕಳಿಸಿದ್ದ, ಡಾರ್ವಿನ್ ಮರ್ಯಾದೆಗೆ ಥ್ಯಾಂಕ್ಸ್ ಬರೆದ. ಸೋವಿಯತ್‌ನಲ್ಲಿ ಆಮೇಲೆ ಆದದ್ದು ಉಲ್ಟಾ: ಲೈಸೆಂಕೋ ಅನ್ನೋನು ಜೀನ್‌ಗಳೇ ಸುಳ್ಳು, ಬೆಳೆಗೆ ಅಭ್ಯಾಸ ಮಾಡಿಸಿದ್ರೆ ಅದೇ ಗುಣ ಮುಂದಕ್ಕೆ ದಾಟುತ್ತೆ ಅಂದ, ಸ್ಟಾಲಿನ್ ಮೆಚ್ಚಿದ. ಜಗತ್ತಿನ ಬೀಜಗಳನ್ನೆಲ್ಲಾ ಸಂಗ್ರಹಿಸಿದ ವಾವಿಲೋವ್ 1943ರಲ್ಲಿ ಜೈಲಲ್ಲಿ ಸತ್ತ.

ನಮ್ಮ ದಶಾವತಾರದಲ್ಲೇ ವಿಕಾಸವಾದ ಇದೆಯಲ್ಲ ಅಣ್ಣ, ಮೀನು, ಆಮೆ, ಹಂದಿ, ನರಸಿಂಹ...

ಹೋಲಿಕೆ ಚೆಂದ ಇದೆ, ನಾನೂ ಚಿಕ್ಕವನಿದ್ದಾಗ ಖುಷಿಪಟ್ಟಿದ್ದೆ. ಇದನ್ನ ಅಚ್ಚಿಗೆ ತಂದವರಲ್ಲಿ ಮೊದಲಿಗರು ಥಿಯಾಸಫಿಯ ಬ್ಲಾವಟ್‌ಸ್ಕಿ, 1877ರಲ್ಲಿ, ಅಂದ್ರೆ ಡಾರ್ವಿನ್ ಪುಸ್ತಕ ಬಂದು ಹದಿನೆಂಟು ವರ್ಷ ಆದ್ಮೇಲೆ. ಹಾಲ್ಡೇನ್ ಕೂಡ ಇದನ್ನ ಪ್ರಸ್ತಾಪ ಮಾಡಿದ್ದಾರೆ. ಆದ್ರೆ ಅವತಾರದಲ್ಲಿ ಮೀನಿನ ಮರಿಮೊಮ್ಮಗ ಆಮೆ ಅಂತ ಯಾರೂ ಹೇಳಿಲ್ಲ, ದೇವರು ಬೇಕಾದ ಕೆಲಸಕ್ಕೆ ಬೇಕಾದ ರೂಪ ತಾಳ್ತಾನೆ ಅಷ್ಟೇ. ಅದು ಭಕ್ತಿಯ ಕಥೆ, ಪಾಪ ಅದಕ್ಕೆ ಬಯಾಲಜಿ ಪರೀಕ್ಷೆ ಬರೆಸ್ಬೇಡಿ.

ಟೆಕ್ಸ್ಟ್‌ಬುಕ್‌ನಿಂದ ಡಾರ್ವಿನ್ನನ್ನ ತೆಗೆದ್ರಂತಲ್ಲ, ಯಾಕೆ?

ಎನ್‌ಸಿಇಆರ್‌ಟಿ ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಅಂತಿದ್ದ ಅಧ್ಯಾಯದಲ್ಲಿ ವಿಕಾಸ ಹೋಗಿ ಅನುವಂಶೀಯತೆ ಉಳೀತು. ಕೋವಿಡ್ ಹೊತ್ತಿನ ಹೊರೆ ಕಮ್ಮಿ ಮಾಡೋ ಕಾರಣ ಹೇಳಿದ್ರು, 2023ರಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು ವಾಪಸ್ ತನ್ನಿ ಅಂತ ಸಹಿ ಹಾಕಿದ್ರು. ಸೆಕೆಂಡ್ ಪಿಯು ಬಯಾಲಜಿಯಲ್ಲಿ ಪಾಠ ಈಗಲೂ ಇದೆ, ಆದ್ರೆ ಕಾಮರ್ಸ್, ಆರ್ಟ್ಸ್ ತಗೊಳ್ಳೋ ಮಗುವಿಗೆ ಹತ್ತನೇ ಕ್ಲಾಸೇ ಕೊನೇ ಅವಕಾಶ ಆಗಿತ್ತು, ನನ್ನ ತಕರಾರು ಅಷ್ಟೇ. ಅಮೆರಿಕದಲ್ಲಿ 1925ರಲ್ಲಿ ಇದೇ ಪಾಠ ಮಾಡಿದ್ದಕ್ಕೆ ಸ್ಕೋಪ್ಸ್ ಅನ್ನೋ ಮೇಷ್ಟ್ರಿಗೆ 100 ಡಾಲರ್ ದಂಡ ಹಾಕಿದ್ರು, ಟೆನೆಸಿಯ ಆ ಕಾನೂನು ಹೋಗಿದ್ದು 1967ಕ್ಕೆ!

## ಇನ್ನೂ ಸ್ವಲ್ಪ ಆಳಕ್ಕೆ

ತುಕ್ಕು ರೋಗ ತುಕ್ಕು ರೋಗವಾಗೇ ಇದೆ. ಒಂದು ಪ್ರಭೇದದಿಂದ ಇನ್ನೊಂದು ಹುಟ್ಟಿದ್ದು ತೋರಿಸಿ ನೋಡೋಣ

ಬೆಳಿಗ್ಗೆ ಕುಡಿದ ಕಾಫಿ ಅರೇಬಿಕಾ ಆಗಿದ್ರೆ ಅದೇ ಉತ್ತರ. ರೋಬಸ್ಟಾದಲ್ಲಿ 22 ಕ್ರೋಮೋಸೋಮ್, ಅರೇಬಿಕಾದಲ್ಲಿ 44. ಆಫ್ರಿಕಾದಲ್ಲಿ ರೋಬಸ್ಟಾಗೂ ಯುಜೀನಿಯಾಯ್ಡಿಸ್ ಅನ್ನೋ ಇನ್ನೊಂದು ಕಾಡು ಕಾಫಿಗೂ ತಾನಾಗೇ ಅಡ್ಡತಳಿ ಆಗಿ, ಎರಡರ ಕ್ರೋಮೋಸೋಮ್ ಗಂಟೂ ಪೂರ್ತಿಯಾಗಿ ಒಂದೇ ಗಿಡದಲ್ಲಿ ಉಳ್ಕೊಂಡು ಹೊಸ ಪ್ರಭೇದ ಹುಟ್ಟಿತು. ಮನುಷ್ಯರ ಕಣ್ಣೆದುರೇ ಆದದ್ದು ಬೇಕಂದ್ರೆ ಅಮೆರಿಕದ ವಾಷಿಂಗ್ಟನ್, ಐಡಹೊ ಕಡೆ ಯುರೋಪಿನಿಂದ ಬಂದ ಟ್ರಾಗೋಪೋಗನ್ ಅನ್ನೋ ಕಳೆಗಿಡಗಳು ಇದೇ ಥರ ಬೆರೆತು ಎರಡು ಹೊಸ ಪ್ರಭೇದ ಆದವು, 1950ರಲ್ಲಿ ಅವಕ್ಕೆ ಹೆಸರಿಟ್ರು. ಐವತ್ತು ವರ್ಷ ಮುಂಚೆ ಅವು ಅಲ್ಲಿ ಇರ್ಲೇ ಇಲ್ಲ.

ಈಗ ಆಸ್ಪತ್ರೆ, ಔಷಧಿ ಎಲ್ಲಾ ಇದೆ, ಮನುಷ್ಯರಲ್ಲಿ ವಿಕಾಸ ನಿಂತುಹೋಯ್ತು ಅಲ್ವಾ ಮೇಷ್ಟ್ರೆ?

ನಿಂತಿಲ್ಲ, ಹಿಂದಿನದರ ಗುರುತಂತೂ ನಮ್ಮ ಸುತ್ತಲೇ ಇದೆ. ಹಿಂದೆ ಈ ಕಾಡಿನ ಸೀಮೆಯಲ್ಲೆಲ್ಲಾ ಮಲೇರಿಯಾ ಎಷ್ಟಿತ್ತು ಅಂತ ವಯಸ್ಸಾದವರನ್ನ ಕೇಳಿ. ರಕ್ತದ ಕೆಲವು ಕಾಯಿಲೆಗಳು ಮಲೇರಿಯಾ ಸೀಮೆಯಲ್ಲೇ ಯಾಕೆ ಜಾಸ್ತಿ ಅಂದ್ರೆ, ಆ ಜೀನ್‌ನ ಒಂದೇ ಪ್ರತಿ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ಸಿಗ್ತಿರ್ಬಹುದು ಅಂತ ಹಾಲ್ಡೇನ್ 1949ರಲ್ಲಿ ಸೂಚಿಸಿದ್ರು. ಕುಡಗೋಲು ಕಣ ರಕ್ತಹೀನತೆಯಲ್ಲಿ, ಅಂದ್ರೆ ಸಿಕಲ್ ಸೆಲ್‌ನಲ್ಲಿ, ಅದು ನಿಜ ಅಂತ ಆಲಿಸನ್ 1954ರಲ್ಲಿ ಆಫ್ರಿಕಾದಲ್ಲಿ ತೋರಿಸಿದ್ರು. ನಮ್ಮ ದೇಶದಲ್ಲಿ ಅದು ಮೊದಲು ಗೊತ್ತಾಗಿದ್ದು 1952ರಲ್ಲಿ ನೀಲಗಿರಿಯ ಆದಿವಾಸಿಗಳಲ್ಲಿ, ಗಡಿ ಆಚೆಯ ವಯನಾಡಿನಲ್ಲೂ ಇದೆ.

ಒಂದು ಪ್ರತಿ ಇದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ, ಎರಡೂ ಕಡೆಯಿಂದ ಬಂದ್ರೆ ಕಾಯಿಲೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ರೆ, ಅಂದ್ರೆ ಒಂದೊಂದು ಪ್ರತಿ ಇದ್ದವರಾಗಿದ್ರೆ, ಪ್ರತಿ ಸಲ ಹುಟ್ಟೋ ಮಗುವಿಗೂ ನಾಲ್ಕರಲ್ಲಿ ಒಂದು ಚಾನ್ಸ್. ಕೇಂದ್ರ ಸರ್ಕಾರದ ಸಿಕಲ್ ಸೆಲ್ ಮಿಷನ್ 2023ರ ಜುಲೈನಲ್ಲಿ ಶುರುವಾಗಿದೆ, ಆದಿವಾಸಿ ಪ್ರದೇಶಗಳಲ್ಲಿ ಟೆಸ್ಟ್ ಮಾಡಿ ಕಾರ್ಡ್ ಕೊಡ್ತಾರೆ. ತೋಟದಲ್ಲಿ ಕೆಲಸಕ್ಕೆ ಬರೋ ಯಾರಾದ್ರೂ ಪದೇ ಪದೇ ಕೈಕಾಲು ಮೂಳೆ ನೋವು, ಸುಸ್ತು, ಕಣ್ಣು ಹಳದಿ ಅಂತ ಹೇಳಿದ್ರೆ 'ಕೆಲಸ ಕದಿಯೋ ನೆಪ' ಅನ್ನೋ ಮುಂಚೆ ಹತ್ತಿರದ ಪಿಎಚ್‌ಸಿಗೆ ಒಂದು ಹನಿ ರಕ್ತ ಕೊಡೋಕೆ ಕರ್ಕೊಂಡು ಹೋಗಿ. ಕುಯ್ಲಿನ ಟೈಮಾದ್ರೂ ಪರವಾಗಿಲ್ಲ, ಅರ್ಧ ದಿನದ ಕೂಲಿ ಹಿಡೀಬೇಡಿ.